ಅಡುಗೆಮನೆಯ ಪಾಠಾಂತರಗಳು



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯ ಮೇಲೋ ಒಂದು ಶಾಸನದ ಮೇಲೋ ಮಾತು ಎಂಬ ವಾಡಿಕೆಯಿದೆ. ಈ ಸಲ ದತ್ತಿಯ ಮನೆಯವರು ಬೇರೆಯದೇ ವಿಷಯ ಕೊಟ್ಟಿದ್ದಾರೆ. ಮನೆಯ ಅಡುಗೆ, ಮನೆಯ ಕೌದಿ, ಇವೆರಡರ ನೆನಪನ್ನು ಮನೆಯಲ್ಲೇ ಕಟ್ಟಿದ ಪುಸ್ತಕದಲ್ಲಿ ಉಳಿಸಿಕೊಳ್ಳುವ ಬಗೆ ಹೇಗೆ?

ನಾನು ಹೇಳಬೇಕೆಂದಿರುವುದು ಇಷ್ಟು. ಅಜ್ಜಿಯ ಸಾರಿಗೆ ಸರಿಯಾದ ವಿಧಾನ ಯಾವುದು ಎಂದು ಹುಡುಕುತ್ತ ಕೂತರೆ ಪುಸ್ತಕ ಬಡವಾಗುತ್ತದೆ. ಹಳೆಯ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರು ಒಂದು ಪ್ರತಿಯಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ ಎಂದು ಪುಟದ ಅಡಿಯಲ್ಲಿ ಪಾಠಾಂತರ ಕೊಡುತ್ತಾರೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಈ ಶಿಸ್ತನ್ನು ನಮಗೆ ಕಲಿಸಿತು. ಪಂಪ, ರನ್ನರಿಗೆ ಸಲ್ಲುವ ಆ ಮರ್ಯಾದೆ ಅಮ್ಮನ ಹುಳಿಗೂ ಅತ್ತೆಯ ಕೌದಿಗೂ ಸಲ್ಲಬೇಕು. ಯಾರ ಕೈ, ಯಾವ ಊರು, ಯಾವ ಕಾಲ, ಯಾವ ಪಾತ್ರೆ ಎಂಬುದನ್ನು ಹೆಸರು ಸಮೇತ ಬರೆದಿಡಬೇಕು.

ಈ ಊರಿನಲ್ಲೇ ಏಕೆ

ಮದ್ರಾಸಿಗೆ ಕನ್ನಡದವರು ಬಂದದ್ದು ಪರದೇಶಕ್ಕೆ ಹೋದ ಹಾಗಲ್ಲ. ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ 1956ರ ನವೆಂಬರ್ 1ರವರೆಗೆ ಈ ರಾಜ್ಯದಲ್ಲೇ ಇದ್ದವು. ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆ ಕಡೆಯವರಿಗೆ ಆಗ ವಿಶ್ವವಿದ್ಯಾನಿಲಯ, ಹೈಕೋರ್ಟು, ದೊಡ್ಡಾಸ್ಪತ್ರೆ ಎಲ್ಲವೂ ಮದ್ರಾಸೇ. ಭಾರತೀಯ ಆಹಾರದ ಚರಿತ್ರೆಗೆ ಆಕರಗ್ರಂಥ ಬರೆದ ಕೆ.ಟಿ. ಅಚಯ ಹುಟ್ಟಿದ್ದು ಅದೇ ಕೊಳ್ಳೇಗಾಲದಲ್ಲಿ, 1923ರಲ್ಲಿ. ಕಿಟ್ಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದಾಗ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದು ಮದ್ರಾಸ್ ವಿಶ್ವವಿದ್ಯಾನಿಲಯ. ಕನ್ನಡದ ಮಾತನ್ನು ಜೋಪಾನ ಮಾಡಿದ ಊರು ಇದು. ಕನ್ನಡದ ಮನೆಗಳ ರುಚಿಯನ್ನು ಜೋಪಾನ ಮಾಡುವ ಕೆಲಸ ಮಾತ್ರ ಆಯಾ ಮನೆಗೇ ಉಳಿಯಿತು.

ಹೋಟೆಲಿನ ರುಚಿಗೆ ಆ ಚಿಂತೆಯಿರಲಿಲ್ಲ. ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ರಾಯಪೇಟೆಯಲ್ಲಿ 1938ರಲ್ಲಿ ಶುರುವಾಯಿತು. ಕೆ. ಸೀತಾರಾಮ ರಾಯರ ದಾಸಪ್ರಕಾಶ ಪೂನಮಲ್ಲಿ ಹೈರೋಡಿನಲ್ಲಿ ದೊಡ್ಡ ಕಟ್ಟಡವಾಗಿ ಎದ್ದಿತು. ಈ ಹೋಟೆಲುಗಳ ಮೂಲಕ ಉಡುಪಿಯ ಅಡುಗೆ ಇಡೀ ಮದ್ರಾಸಿನ ನಾಲಗೆಯನ್ನು ಪಳಗಿಸಿತು. ಅದನ್ನು ಪತ್ರಿಕೆಗಳೂ ಪುಸ್ತಕಗಳೂ ದಾಖಲಿಸಿದವು. ಆದರೆ ಇದೇ ಊರಿನ ಪುರಸೈವಾಕ್ಕಂನ ಬಾಡಿಗೆ ಮನೆಯಲ್ಲಿ ಬಳ್ಳಾರಿಯ ಹೆಂಗಸು ಜೋಳದ ರೊಟ್ಟಿ ಬಡಿಯಲು ಏನೇನು ಪಟ್ಟಳೆಂಬುದಕ್ಕೆ ಯಾವ ದಾಖಲೆಯಿದೆ? ಅಂಗಡಿಯಲ್ಲಿ ಸಿಕ್ಕುವ ಹಳೆಯ ಹಿಟ್ಟಿಗೆ ಜಿಗುಟಿರುವುದಿಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ. ಆಗ ನೀರನ್ನು ಕುದಿಸಿ ಹಿಟ್ಟು ಕಲಸಬೇಕು, ಇಲ್ಲವೇ ಕಾಳು ಕೊಂಡು ಗಿರಣಿಯಲ್ಲಿ ಎದುರೇ ಬೀಸಿಸಿಕೊಳ್ಳಬೇಕು. ಈ ಊರಿಗೆ ಬಂದ ಮೇಲೆ ಹುಟ್ಟಿದ ಇಂಥ ಉಪಾಯಗಳು ಊರಿನ ಅಡುಗೆಪುಸ್ತಕದಲ್ಲಿ ಇರುವುದಿಲ್ಲ.

ಮೆಣಸಿನಕಾಯಿಯ ಕಥೆಯೂ ಅದೇ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇಲ್ಲಿ ಸುಲಭವಾಗಿ ಸಿಕ್ಕುತ್ತಿದ್ದದ್ದು ಗುಂಟೂರಿನದು, ರಾಮನಾಥಪುರದ ಗುಂಡು ಮೆಣಸಿನಕಾಯಿ. ಊರಲ್ಲಿ ಹಾಕುತ್ತಿದ್ದಷ್ಟೇ ಇಲ್ಲಿಯೂ ಹಾಕಿದರೆ ಹುಳಿ ಖಾರವಾಗಿ, ಬಣ್ಣ ಮಾತ್ರ ಪೇಲವವಾಗುತ್ತದೆ. ಹಾಗಾಗಿ ಮೆಣಸಿನಕಾಯಿ ಕಡಿಮೆಯಾಯಿತು, ಬೆಲ್ಲ ಅತ್ತಿತ್ತ ಸರಿಯಿತು. ಪಕ್ಕದ ಮನೆಯ ತಮಿಳಮ್ಮನ ವತ್ತಕ್ಕುಳಂಬು ನಮ್ಮ ಗೊಜ್ಜಿನ ಬಳಿ ಬಂದು ಕೂತಿತು. ಇದನ್ನು ಕಲಬೆರಕೆ ಎಂದು ಮರೆಮಾಚುವ ಮನೆಗಳಿವೆ. ನನ್ನ ದೃಷ್ಟಿಯಲ್ಲಿ ಈ ಕುಟುಂಬಗಳ ಚರಿತ್ರೆಯ ಅತ್ಯಂತ ನಂಬಲರ್ಹ ಸಾಕ್ಷ್ಯವೇ ಅದು. ಊರು ಬಿಟ್ಟ ವರ್ಷ ಮರೆತುಹೋದರೂ ಯಾವ ಪದಾರ್ಥ ಸಿಕ್ಕಲಿಲ್ಲವೆಂಬುದು ಅಡುಗೆಯಲ್ಲಿ ಉಳಿದಿರುತ್ತದೆ.

ಬರೆದವರು ಯಾರು

ಅಡುಗೆಯನ್ನು ಬರೆದಿಡುವುದು ಕನ್ನಡಕ್ಕೆ ಹೊಸದಲ್ಲ. ಚಾವುಂಡರಾಯನ 'ಲೋಕೋಪಕಾರ' 11ನೇ ಶತಮಾನದ್ದು; ಮಳೆಯ ಲಕ್ಷಣ, ಬಾವಿ ತೋಡುವುದು, ಮರಗಿಡಗಳ ಆರೈಕೆಯ ಜೊತೆಗೆ ಅದರಲ್ಲಿ ಪಾಕದ ಅಧ್ಯಾಯವೂ ಇದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಅಡುಗೆಯ ಕ್ರಮ ಛಂದಸ್ಸಿನಲ್ಲಿದ್ದರೆ ಬಾಯಿಪಾಠಕ್ಕೆ ಅನುಕೂಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲೂ ಭಕ್ಷ್ಯಗಳ ದೊಡ್ಡ ಭಾಗವಿದೆ. ಬರೆದವರೆಲ್ಲ ಗಂಡಸರು, ಅರಸರು ಅಥವಾ ಅರಸರ ಆಸರೆಯಲ್ಲಿದ್ದವರು. ದಿನವೂ ಒಲೆಯ ಮುಂದೆ ಕೂತವರ ಹೆಸರು ಇವುಗಳಲ್ಲಿ ಸಿಕ್ಕುವುದಿಲ್ಲ.

ಆ ಹೆಸರು ಮುಖಪುಟಕ್ಕೆ ಬಂದ ಒಂದು ದೊಡ್ಡ ನಿದರ್ಶನ ಇದೇ ನಗರದ್ದು. ಎಸ್. ಮೀನಾಕ್ಷಿ ಅಮ್ಮಾಳ್ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಅವರ ಅಡುಗೆಯ ವಿಧಾನ ಕೇಳಿ ನೆಂಟರಿಷ್ಟರು ಪತ್ರ ಬರೆಯುತ್ತಿದ್ದರು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಪುಸ್ತಕವನ್ನೇ ಬರೆ ಎಂದು ಮನೆಯ ಹಿರಿಯರೊಬ್ಬರು ಒತ್ತಾಯಿಸಿದರು. 'ಸಮೈತ್ತುಪ್ಪಾರ್' ಮೊದಲ ಭಾಗ 1951ರಲ್ಲಿ ಹೊರಬಂತು. ಮದುವೆಯಾಗಿ ದೂರ ಹೋಗುವ ಹೆಣ್ಣುಮಕ್ಕಳ ಪೆಟ್ಟಿಗೆ ಸೇರಿ ಅದು ದೇಶ ಸುತ್ತಿತು, ಇಂದಿಗೂ ಅಚ್ಚಾಗುತ್ತಿದೆ. ಅದರ ಮೂಲ ಮನೆಯೊಳಗಿನ ಕಾಗದಪತ್ರ ಎಂಬುದನ್ನು ಗಮನಿಸಿ.

ಇನ್ನೊಂದು ನಿದರ್ಶನ ಮುಂಬೈಯದು. ಕೆನರಾ ಕರಾವಳಿಯಿಂದ ಅಲ್ಲಿಗೆ ಹೋಗಿ ನೆಲೆಸಿದ ಚಿತ್ರಾಪುರ ಸಾರಸ್ವತರ ಹೆಂಗಸರು ತಮ್ಮ ಮಹಿಳಾ ಸಮಾಜದ ಮೂಲಕ 1943ರಲ್ಲಿ 'ರಸಚಂದ್ರಿಕಾ' ತಂದರು. ಸಂಕಲಿಸಿದವರು ಅಂಬಾಬಾಯಿ ಸಂಶಿ. ಅಡುಗೆಯ ಜೊತೆ ಮನೆಮದ್ದು, ಹಬ್ಬಹರಿದಿನಗಳ ವಿವರಗಳೂ ಅದರಲ್ಲಿವೆ. ಊರು ಬಿಟ್ಟವರೇ ಮೊದಲು ಬರೆಯುತ್ತಾರೆ. ಊರಲ್ಲಿದ್ದವರಿಗೆ ಪಕ್ಕದ ಮನೆಗೆ ಹೋಗಿ ಕೇಳಿದರಾಯಿತು.

ಅಚ್ಚಾಗದೆ ಉಳಿದವುಗಳ ಲೆಕ್ಕವೇ ಬೇರೆ. ನಮ್ಮ ಮನೆಗಳಲ್ಲಿ ಹೆಂಗಸರ ಹಾಡಿನ ಪುಸ್ತಕವೆಂಬುದೊಂದಿತ್ತು. ಮುಂದಿನಿಂದ ದೇವರ ಹಾಡು, ಆರತಿ ಹಾಡು, ಹಸೆಗೆ ಕರೆಯುವ ಹಾಡು. ಹಿಂದಿನಿಂದ ತಿರುಗಿಸಿದರೆ ಸಾರಿನ ಪುಡಿಯ ಅಳತೆ, ಬಾಣಂತಿಯ ಲೇಹ್ಯ, ಹಪ್ಪಳದ ಖಾರ. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವರಂಥವರ ಹಾಡುಗಳು ಉಳಿದದ್ದರಲ್ಲಿ ಇಂಥ ಕೈಬರಹದ ಪುಸ್ತಕಗಳ ಪಾಲು ದೊಡ್ಡದು. ಆಮೇಲೆ ಬ್ಯಾಂಕಿನವರು ಕೊಟ್ಟ ಡೈರಿಗಳು ಬಂದವು. ಜನವರಿ ತಿಂಗಳ ಪುಟಗಳಲ್ಲಿ ಹಾಲಿನ ಲೆಕ್ಕ, ಮಾರ್ಚಿಯಲ್ಲಿ ಮೈಸೂರುಪಾಕು, ನಡುನಡುವೆ 'ಸುಧಾ'ದಿಂದ ಕತ್ತರಿಸಿ ಅಂಟಿಸಿದ ತುಣುಕುಗಳು. ಹಾಡನ್ನು ವಿದ್ವಾಂಸರು ಹುಡುಕಿ ಬಂದು ನಕಲು ಮಾಡಿಕೊಂಡರು. ಹಿಂದಿನ ಪುಟಗಳನ್ನು ಕೇಳಿದವರು ಕಡಿಮೆ.

ಅಳತೆಯ ಗಂಟು

ಅಂಥ ಪುಸ್ತಕವೊಂದು ಕೈಗೆ ಸಿಕ್ಕಿತೆಂದುಕೊಳ್ಳಿ. 'ಬೇಳೆ ಒಂದು ಸೇರು' ಎಂದಿದೆ. ಎಷ್ಟು?

ತೊಲವೆಂದರೆ 11.66 ಗ್ರಾಂ. 80 ತೊಲದ ಪಕ್ಕಾ ಸೇರಾದರೆ 933 ಗ್ರಾಂ. ಮದ್ರಾಸು, ಮೈಸೂರುಗಳಲ್ಲಿ ಬಳಕೆಯಲ್ಲಿದ್ದ ಕಚ್ಚಾ ಸೇರು 24 ತೊಲದ್ದು, ಎಂದರೆ ಸುಮಾರು 280 ಗ್ರಾಂ. ಮದ್ರಾಸಿನ ಲೆಕ್ಕದಲ್ಲಿ 3 ತೊಲಕ್ಕೆ ಒಂದು ಪಲಂ, 8 ಪಲಂಗೆ ಒಂದು ಸೇರು, 5 ಸೇರಿಗೆ ಒಂದು ವೀಸೆ. ಇದು ತೂಕವಾಯಿತು. ಅಳೆಯುವ ಸೇರು ಮತ್ತೆ ಬೇರೆ: ನಮ್ಮಲ್ಲಿ 4 ಚಟಾಕಿಗೆ ಒಂದು ಪಾವು, 4 ಪಾವಿಗೆ ಒಂದು ಸೇರು, ಇಲ್ಲಿ 8 ಆಳಾಕ್ಕಿಗೆ ಒಂದು ಪಡಿ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಬಳಿಕ, 1958ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಂತು. ಅಂಗಡಿ ಬದಲಾಯಿತು, ಅಡುಗೆಮನೆಯ ಪಾವು ಮಾತ್ರ ಬಹಳ ಕಾಲ ಹಾಗೇ ಇತ್ತು.

ಆದ್ದರಿಂದ ನನ್ನ ಮೊದಲ ಸಲಹೆ: ಬರೆಯುವ ಮೊದಲು ಪಾತ್ರೆಯನ್ನು ಅಳೆಯಿರಿ. ಅಜ್ಜಿ ಬಳಸುತ್ತಿದ್ದ ಪಾವು, ಲೋಟ, ಉಪ್ಪಿನ ಮರಿಗೆಯಲ್ಲಿದ್ದ ಚಿಪ್ಪು ಇನ್ನೂ ಮನೆಯಲ್ಲಿರುವಾಗಲೇ ಅದಕ್ಕೆ ನೀರು ತುಂಬಿ ಎಷ್ಟು ಮಿಲಿಲೀಟರೆಂದು ನೋಡಿ. ಅಕ್ಕಿ ತುಂಬಿ, ಬೇಳೆ ತುಂಬಿ ತೂಗಿ. ಎರಡರ ತೂಕವೂ ಬೇರೆ ಬೇರೆ ಬರುತ್ತದೆ. ಪಾತ್ರೆ ಒಮ್ಮೆ ಹಳೇ ಸಾಮಾನಿನವನ ಗಾಡಿ ಹತ್ತಿದರೆ ಆ ಮನೆಯ ಎಲ್ಲ ಅಳತೆಗಳೂ ಅದರ ಹಿಂದೆಯೇ ಹೋದ ಹಾಗೆ.

ಕೈಯಳತೆಗೂ ಇದೇ ಉಪಾಯ. 'ಒಂದು ಹಿಡಿ ತೊಗರಿಬೇಳೆ, ಚಿಟಿಕೆ ಇಂಗು, ನಿಂಬೆಗಾತ್ರದ ಹುಣಸೆಹಣ್ಣು' ಎಂದು ಅಮ್ಮ ಹೇಳಿದರೆ ಅದನ್ನು ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಆದರೆ ಅಮ್ಮನೇ ಹಿಡಿ ತುಂಬಿದಾಗ ಅದನ್ನು ತಕ್ಕಡಿಗೆ ಹಾಕಿಸಿ ಪಕ್ಕದಲ್ಲಿ ಗ್ರಾಂ ಬರೆಯಿರಿ. ದೊಡ್ಡಮ್ಮನ ಹಿಡಿ ಬೇರೆಯೇ ತೂಗಿದರೆ ಅದೂ ಬರಲಿ. 'ಹದ ಬರುವವರೆಗೆ' ಎಂಬ ಮಾತಿಗೆ ಮಾತ್ರ ಪಕ್ಕದಲ್ಲಿ ನಿಂತೇ ನೋಡಬೇಕು. ಬೆಲ್ಲದ ಪಾಕ ನೀರಿನ ಬಟ್ಟಲಿಗೆ ಬಿದ್ದಾಗ ಹರಡಿತೇ, ಉಂಡೆ ಕಟ್ಟಿತೇ, ಟಣ್ ಎಂದು ಸದ್ದು ಮಾಡಿತೇ? ಒಗ್ಗರಣೆಯಲ್ಲಿ ಸಾಸಿವೆಯ ಸದ್ದು ನಿಂತ ಮೇಲೆ ಕರಿಬೇವೋ, ಸಿಡಿಯುತ್ತಿರುವಾಗಲೋ? ಪ್ರಶ್ನೆ ಕೇಳಿದರೆ ಅವರಿಗೆ ತಟ್ಟನೆ ಹೇಳಲಾಗುವುದಿಲ್ಲ. ಕೈ ಕೆಲಸ ಮಾಡುತ್ತಿರುವಾಗ ಪಕ್ಕದಲ್ಲಿದ್ದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ.

ಕೌದಿ

ನೆನಪು ಎಂದ ಕೂಡಲೇ ಅದನ್ನು ಕೌದಿಗೆ ಹೋಲಿಸುವುದು ಸುಲಭ. ಆ ಹೋಲಿಕೆಯನ್ನು ಬಿಟ್ಟು ಕೌದಿಯನ್ನೇ ನೋಡೋಣ.

ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗಗಳ ಕಡೆ ಕೌದಿಯಿಲ್ಲದ ಮನೆ ಅಪರೂಪ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಉದ್ದಕ್ಕೂ ಸಾದಾ ಹೊಲಿಗೆಯ ಸಾಲು ಹಾಕುತ್ತಾರೆ. ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಚೂರು, ಮಗುವಿನ ಕುಂಚಿಗೆಯಲ್ಲಿ ಉಳಿದ ಬಟ್ಟೆ, ಎಲ್ಲವೂ ಅದರಲ್ಲಿ ಸೇರುತ್ತವೆ. ಮನೆಯ ಹೆಂಗಸರು ಬಿಡುವಿನಲ್ಲಿ ಹೊಲಿಯುತ್ತಾರೆ. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಗೊಂದಲಿಗರಂಥ ಸಮುದಾಯಗಳ ಹೆಂಗಸರೂ ಇದ್ದಾರೆ. ಆದ್ದರಿಂದ 'ನಮ್ಮ ಅಜ್ಜಿಯ ಕೌದಿ' ಎನ್ನುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಬಟ್ಟೆ ಅಜ್ಜಿಯದೋ, ಹೊಲಿಗೆಯೂ ಅಜ್ಜಿಯದೋ? ಅಂಗಳದಲ್ಲಿ ಕೂತು ಹೊಲಿದುಕೊಟ್ಟು, ಜೋಳವನ್ನೋ ದುಡ್ಡನ್ನೋ ಪಡೆದು ಹೋದವಳ ಹೆಸರು ಯಾರಿಗಾದರೂ ನೆನಪಿದ್ದರೆ ಅದೂ ಪುಸ್ತಕದಲ್ಲಿ ಇರಲಿ. ಮನೆಗೆಲಸಕ್ಕೆ ಬರುತ್ತಿದ್ದಾಕೆ ಹೇಳಿಕೊಟ್ಟ ಮೀನಿನ ಸಾರಿಗೂ ಇದೇ ನ್ಯಾಯ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರ ಕೌದಿಯ ಕಟ್ಟಡವೇ ಬೇರೆ. ಅವರು ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತ ಹೋಗುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಪದರಗಳನ್ನು ಕೂರಿಸುತ್ತಾರೆ. ಅವಕ್ಕೆ ಫುಲ ಎನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಮುಗಿದಂತೆಯೇ ಅಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಮೇಲೆ ಕೆಲಸ ಮಾಡಿದ ಮೇಲೆ ಅವು ಹೊರದೇಶದ ಪ್ರದರ್ಶನಗಳನ್ನೂ ಕಂಡವು. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲೂ ಹೀಗೇ ಆಯಿತು. ಗುಲಾಮಗಿರಿಯಲ್ಲಿದ್ದವರ ಮೊಮ್ಮಕ್ಕಳು, ಮರಿಮೊಮ್ಮಕ್ಕಳು ಹಳೆಯ ಕೆಲಸದ ಬಟ್ಟೆಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್, ನ್ಯೂಯಾರ್ಕ್‌ನ ವಸ್ತುಸಂಗ್ರಹಾಲಯಗಳ ಗೋಡೆ ಏರಿದವು. 2006ರಲ್ಲಿ ಅಂಚೆಚೀಟಿಗೂ ಬಂದವು. ಅಲ್ಲಿ ಒಂದೊಂದು ಕೌದಿಯ ಪಕ್ಕದಲ್ಲೂ ಹೊಲಿದವಳ ಹೆಸರಿತ್ತು. ನಮ್ಮ ಅಂಗಡಿಗಳಲ್ಲಿ ಮಾರುವ ಕೌದಿಗಳಲ್ಲಿ ಬೆಲೆಯ ಚೀಟಿ ಮಾತ್ರ ಇರುತ್ತದೆ.

ಚೆನ್ನೈಗೆ ಬಂದ ಕೌದಿಯ ಕೆಲಸವೂ ಬದಲಾಯಿತು. ಹೊದೆಯುವಷ್ಟು ಚಳಿ ಇಲ್ಲಿಲ್ಲ. ಹಾಗಾಗಿ ಅದು ಹಾಸಾಯಿತು, ಬಾಣಂತಿಯ ಕೋಣೆಗೆ, ಮಗುವಿನ ತೊಟ್ಟಿಲಿಗೆ ಹೋಯಿತು. ಒಳಗಿನ ಬಟ್ಟೆಯೂ ಬದಲಾಯಿತು. ಪೆರಂಬೂರಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲು, ಜನರ ಬಾಯಲ್ಲಿ ಬಿನ್ನಿ ಮಿಲ್ಲು, ಖಾಕಿ ಬಟ್ಟೆಗೆ ಹೆಸರಾಗಿತ್ತು. 1918ರ ಏಪ್ರಿಲ್‌ನಲ್ಲಿ ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘಗಳಲ್ಲೊಂದಾದ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿದ್ದು ಆ ಮಿಲ್ಲಿನ ಕೆಲಸಗಾರರಿಂದ. ಮಿಲ್ಲು 1996ರಲ್ಲಿ ಮುಚ್ಚಿತು. ಈ ಭಾಗದ ಹಳೆಯ ಕೌದಿಯೊಂದರಲ್ಲಿ ಖಾಕಿ ತುಂಡು ಕಂಡರೆ ಅದು ಯಾರ ಸಮವಸ್ತ್ರವೆಂದು ಕೇಳಿ. ರೈಲ್ವೆಯವರದೋ, ಪೊಲೀಸಿನವರದೋ, ಶಾಲೆಯ ಚಡ್ಡಿಯೋ. ಉತ್ತರದ ಜೊತೆಗೆ ಒಂದು ನೌಕರಿ, ಒಂದು ಬೀದಿ, ಒಂದು ಕಾಲ ಬರುತ್ತದೆ.

ಕೌದಿಯನ್ನು ದಾಖಲಿಸುವ ಕ್ರಮ ಸರಳ. ಹಗಲು ಬೆಳಕಿನಲ್ಲಿ ನೆಲಕ್ಕೆ ಹಾಸಿ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಎರಡೂ ಮಗ್ಗುಲ ಚಿತ್ರ ತೆಗೆಯಿರಿ. ಹೊಲಿಗೆಯ ನಡೆ ಹಿಂಬದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಚೌಕದ ಕಾಗದದಲ್ಲಿ ನಕ್ಷೆ ಬರೆದು ತುಂಡುಗಳಿಗೆ ಅಂಕೆ ಕೊಡಿ. ಮನೆಯ ಹಿರಿಯರನ್ನೆಲ್ಲ ಸುತ್ತ ಕೂರಿಸಿ ಒಂದೊಂದು ಅಂಕೆಗೂ ಕೇಳಿ. 7ನೇ ತುಂಡು ಅತ್ತೆಯ ಧಾರೆಸೀರೆ ಎಂದು ಒಬ್ಬರು, ಅಲ್ಲ ಚಿಕ್ಕಮ್ಮನ ಸೀಮಂತದ್ದು ಎಂದು ಇನ್ನೊಬ್ಬರು ಹೇಳಿದರೆ ತೀರ್ಪು ಕೊಡಬೇಡಿ. ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಬರೆಯಿರಿ. ನಾನು ಮೊದಲು ಹೇಳಿದ ಪಾಠಾಂತರ ಇದೇ. ಮಾದರಿಗೆಂದು ಕೌದಿಯನ್ನು ಮಾತ್ರ ಕತ್ತರಿಸಬೇಡಿ.

ಕಾಗದ, ಶಾಯಿ, ಎಣ್ಣೆ

ತಾಳೆಗರಿಯ ಕಟ್ಟಿನ ಕೊನೆಯಲ್ಲಿ ಲಿಪಿಕಾರರು ತಮ್ಮ ಹೆಸರು, ಬರೆದು ಮುಗಿಸಿದ ಸಂವತ್ಸರ, ಬರೆಯಿಸಿದವರ ಹೆಸರು ಹೇಳಿ ಒಂದು ಕೋರಿಕೆ ಸೇರಿಸುತ್ತಿದ್ದರು: ಇದನ್ನು ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಕಾಪಾಡಿ ಎಂದು. ಅಡುಗೆಯ ಪುಸ್ತಕಕ್ಕೆ ಮೂರೂ ಅಪಾಯ ದಿನನಿತ್ಯದ್ದು. ಹಾಗಾಗಿ ಎರಡು ಪ್ರತಿ ಮಾಡಿ. ಒಂದು ಒಲೆಯ ಬಳಿ ಇದ್ದು ಕಲೆಯಾಗಲಿ, ಇನ್ನೊಂದು ಬೀರುವಿನಲ್ಲಿರಲಿ.

ಬೀರುವಿನ ಪ್ರತಿಗೆ ಆಮ್ಲರಹಿತ ಕಾಗದ ಬೇಕು. ಅಗ್ಗದ ಕಾಗದ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಮುರಿಯುತ್ತದೆ. ಬಾಲ್‌ಪೆನ್ನಿನ ಶಾಯಿ ಮಸುಕಾಗಬಹುದು; ನೀರಿಗೆ ಕದಡದ ಪಿಗ್ಮೆಂಟ್ ಶಾಯಿಯ ಪೆನ್ನು, ಅದಿಲ್ಲದಿದ್ದರೆ ಸೀಸದ ಕಡ್ಡಿಯೇ ಉತ್ತಮ. ಸೆಲ್ಲೋಟೇಪು ಬೇಡ, ಅಂಟು ಒಣಗಿ ಕಂದು ಕಲೆ ಬಿಡುತ್ತದೆ. ಮೈದಾ ಅಂಟು ಬೆಳ್ಳಿಹುಳುವನ್ನು ಕರೆಯುತ್ತದೆ. ಅಮ್ಮನ ಕೈಬರಹದ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ, ಅದನ್ನು ಮತ್ತೆ ಬಿಡಿಸಲಾಗುವುದಿಲ್ಲ. ಬಟ್ಟೆಯ ಚೂರು ಸೇರಿಸುವುದಾದರೆ ಗಂಜಿ ಪೂರ್ತಿ ಹೋಗುವಂತೆ ತೊಳೆದು ಒಣಗಿಸಿ, ಅಂಟಿಸದೆ ನಾಲ್ಕು ಹೊಲಿಗೆ ಹಾಕಿ ಪುಟಕ್ಕೆ ಕೂರಿಸಿ. ಜರಿಯಂಚಿನ ಚೂರಾದರೆ ಎದುರು ಪುಟಕ್ಕೆ ತಗಲದಂತೆ ನಡುವೆ ತೆಳು ಕಾಗದವಿಡಿ; ಲೋಹ ಕಪ್ಪಾಗಿ ಕಲೆ ಬಿಡುತ್ತದೆ. ಪುಸ್ತಕವನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲೋ ನೆಲದ ಪೆಟ್ಟಿಗೆಯಲ್ಲೋ ಇಡಬೇಡಿ. 2015ರ ಡಿಸೆಂಬರಿನ ನೆರೆಯಲ್ಲಿ ಈ ನಗರದ ಎಷ್ಟೋ ಮನೆಗಳ ಮದುವೆಯ ಆಲ್ಬಮ್ಮುಗಳೂ ಹಳೆಯ ಕಾಗದಗಳೂ ಹೋದದ್ದನ್ನು ನೀವೆಲ್ಲ ಬಲ್ಲಿರಿ. ಪ್ರತಿ ಪುಟದ ಚಿತ್ರ ತೆಗೆದು ಬೇರೆ ಊರಿನ ಒಬ್ಬ ನೆಂಟರ ಬಳಿಯೂ ಒಂದು ಪ್ರತಿಯಿರುವಂತೆ ನೋಡಿಕೊಳ್ಳಿ.

ಲಿಪಿಕಾರರ ವಾಡಿಕೆಯನ್ನೂ ಬಿಡಬೇಡಿ. ಪ್ರತಿ ಅಡುಗೆಯ ಕೊನೆಗೆ ಹೇಳಿದವರು, ಬರೆದವರು, ದಿನಾಂಕ, ಊರು ಇರಲಿ. ಆಮೇಲೆ ಯಾರಾದರೂ ಬದಲಿಸಿದರೆ ಹಳೆಯದನ್ನು ಹೊಡೆದುಹಾಕದೆ ಕೆಳಗೆ ಸೇರಿಸಲಿ. ಒಲೆಯಿಂದ ಗ್ಯಾಸಿಗೆ, ಒರಳಿನಿಂದ ಮಿಕ್ಸಿಗೆ ಬಂದಾಗ ಏನು ಬದಲಾಯಿತೆಂಬುದು ಆಗ ತಾನಾಗಿ ಕಾಣುತ್ತದೆ. ಪ್ರತಿ ಅಡುಗೆಯ ಕೆಳಗೆ ಒಂದಷ್ಟು ಖಾಲಿ ಬಿಟ್ಟರೆ ಇದಕ್ಕೆ ಜಾಗವಾಗುತ್ತದೆ.

ಯಾವ ಲಿಪಿಯಲ್ಲಿ

ಕೊನೆಯದಾಗಿ, ಇಲ್ಲಿ ಕೂತಿರುವ ಬಹುಪಾಲು ಜನರ ಮನಸ್ಸಿನಲ್ಲಿರುವ ಪ್ರಶ್ನೆ. ಮೊಮ್ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ತಮಿಳು, ಇಂಗ್ಲಿಷು, ಹಿಂದಿ ಓದುತ್ತಾರೆ. ಕನ್ನಡದ ಅಕ್ಷರ ಬಾರದವರಿಗೆ ಕನ್ನಡದ ಪುಸ್ತಕವೇಕೆ?

ನನ್ನ ಅಭಿಪ್ರಾಯ ಹೀಗಿದೆ. ಬಲಗಡೆಯ ಪುಟ ಹೇಳಿದವರ ಮಾತಿನಲ್ಲೇ, ಕನ್ನಡದಲ್ಲೇ ಇರಲಿ. ಬಳ್ಳಾರಿಯವರು 'ರೊಟ್ಟಿ ಬಡಿ' ಎಂದರೆ ಹಾಗೆ, ಮಂಗಳೂರಿನವರು 'ಕಾಯಿ ಕಡೆ' ಎಂದರೆ ಹಾಗೆ. ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸುವುದು ಬೇಡ. ಎಡಗಡೆ ಮೊಮ್ಮಗು ಓದಬಲ್ಲ ಲಿಪಿಯಲ್ಲಿ ಅದೇ ಮಾತನ್ನು ಅದರ ಕೈಯಿಂದಲೇ ಬರೆಸಿ. ತಮಿಳು ಅಕ್ಷರದಲ್ಲಿ ಕನ್ನಡ ಬರೆದರೆ ಭಾಷೆ ಕೆಡುತ್ತದೆಂಬ ಅಂಜಿಕೆ ಬೇಡ. ತುಳುವೂ ಕೊಂಕಣಿಯೂ ನಮ್ಮ ಅಕ್ಷರದಲ್ಲಿ ಬದುಕಿಲ್ಲವೇ? ಅಜ್ಜಿ ಹೇಳುತ್ತ ಮೊಮ್ಮಗು ಬರೆಯುವ ಆ ಹೊತ್ತಿನಲ್ಲಿ ಅಕ್ಷರವೂ ಒಂದಷ್ಟು ಹತ್ತುತ್ತದೆ. ಹತ್ತದಿದ್ದರೂ ಸಾರು ಹತ್ತುತ್ತದೆ.

ಈ ದತ್ತಿಯವರಲ್ಲಿ ಒಂದು ಕೋರಿಕೆಯಿದೆ. ಬರುವ ವರ್ಷ ಈ ವೇದಿಕೆಯಲ್ಲಿ ಉಪನ್ಯಾಸದ ಬದಲು ಒಂದು ಉದ್ದದ ಮೇಜು ಹಾಕಿಸಿ. ಪುರಸೈವಾಕ್ಕಂ, ಐನಾವರಂ, ಪೆರಂಬೂರು, ಕೀಳ್ಪಾಕ್ಕಂಗಳ ಮನೆಗಳವರು ತಮ್ಮ ಡೈರಿ, ಹಾಡಿನ ಪುಸ್ತಕ, ಪಾವು, ಕೌದಿ ತರಲಿ. ತೂಗುವ ತಕ್ಕಡಿಯನ್ನೂ ಚಿತ್ರ ತೆಗೆಯುವವರನ್ನೂ ನಾವು ಒದಗಿಸೋಣ. ಸಾರಿನ ಪುಡಿಗೆ ಮೆಂತ್ಯ ಹುರಿಯಬೇಕೋ ಬೇಡವೋ ಎಂದು ಜಗಳವಾದರೆ ಇನ್ನೂ ಒಳ್ಳೆಯದು. ಇಬ್ಬರ ಮಾತನ್ನೂ ಬರೆದುಕೊಳ್ಳುವವರು ಪಕ್ಕದಲ್ಲಿರಬೇಕು, ಅಷ್ಟೇ. ಇಂದು ನಾನು ಹೇಳಿದ್ದರಲ್ಲಿ ಒಪ್ಪದ ಮಾತಿದ್ದರೆ ಅದಕ್ಕೂ ಆ ಮೇಜಿನಲ್ಲಿ ಜಾಗವಿರಲಿ.